ಎರಡು ಪೌಂಡ್ ಗಾಳಿ

ವೆಂಡೆಲ್ ಬೆನ್ನಿನಿಂದ ಬಾಗಿಲು ದೂಡಿಕೊಂಡು ಸಿಗ್ನೆಯ ಸೈಕಲ್ ಅಂಗಡಿಯೊಳಗೆ ಬಂದ. ಅವನ ಹಿಂದೆಯೇ ಫೆಬ್ರವರಿಯ ಚಳಿ ಬಿಳಿ ಹೊಗೆಯ ಹಾಗೆ ನೆಲದ ಮೇಲೆ ಹರಿದು ಬಂತು. ಎರಡೂ ಕೈಯಲ್ಲಿ ಒಂದು ಹೊಸ ಸೈಕಲ್ಲನ್ನು ಮಗುವಿನಂತೆ ಎತ್ತಿ ಹಿಡಿದಿದ್ದ.

"ಮೊದಲು ಬಾಗಿಲು ಹಾಕೋ! ಅಲಾಸ್ಕಾನೆಲ್ಲ ಬಿಸಿ ಮಾಡೋಷ್ಟು ಸೌದೆ ಇಲ್ಲ ನನ್ನ ಹತ್ರ," ಎಂದಳು ಸಿಗ್ನೆ.

ಅವನು ಕಾಲಿನಿಂದಲೇ ಬಾಗಿಲು ತಳ್ಳಿ ಮುಚ್ಚಿದ. ಮೀಸೆಗೆ ಹಿಡಿದಿದ್ದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. "ಬೈಯೋದು ಆಮೇಲೆ. ನೋಡು ಇದನ್ನ."

ನೋಡಿದಳು. ತಿಳಿನೀಲಿ ಬಣ್ಣ. ಐದಿಂಚಿಗೆ ಸ್ವಲ್ಪ ಕಡಿಮೆ ಅಗಲದ, ಗುಂಡುಗುಂಡಾದ ಟೈರುಗಳು. ಚೌಕಟ್ಟು ಮಾತ್ರ ಸಣ್ಣದು. ಆರಡಿ ಎರಡಿಂಚಿನ ವೆಂಡೆಲ್‌ಗೆ ಯಾವ ಕಡೆಯಿಂದಲೂ ಆಗುವಂಥದ್ದಲ್ಲ.

"ಯಾರದ್ದೋ ಇದು? ನೀನು ಇದರ ಮೇಲೆ ಕೂತರೆ ಸರ್ಕಸ್ ಕರಡಿ ಹಾಗೆ ಕಾಣ್ತೀಯ."

"ಯಾರದ್ದು ಅಂತ ಈಗ ಹೇಳಲ್ಲ. ನಿನ್ನ ಕಿವಿಗೆ ಬಿದ್ದರೆ ಸಂಜೆಯೊಳಗೆ ಫೇರ್‌ಬ್ಯಾಂಕ್ಸ್ ಊರಿಗೆಲ್ಲ ಗೊತ್ತಾಗುತ್ತೆ." ಕಣ್ಣಲ್ಲಿ ಕಳ್ಳನಗೆ. "ಒಳಗಿನ ಟ್ಯೂಬು ತೆಗೆದುಬಿಡು. ಆಳದ ಹಿಮಕ್ಕೆ ಹೇಗೆ ಬೇಕೋ ಹಾಗೆ ಟೈರು ಕೂರಿಸು. ನಿನಗೇ ಅಂತ ಕೂರಿಸ್ಕೋತೀಯಲ್ಲ, ಹಾಗೆ."

"ನನಗೇ ಅಂತ?"

"ಹೂಂ. ಹತ್ತಿ ಕೂತ್ಕೋ, ಸೀಟು ನೋಡೋಣ."

ಅವಳು ಒರೆಸು ಬಟ್ಟೆಗೆ ಕೈ ಉಜ್ಜಿಕೊಂಡು ಹತ್ತಿ ಕೂತಳು. ಅವನು ಪಕ್ಕದಲ್ಲೇ ಮೊಣಕಾಲೂರಿ ಸೀಟಿನ ತಿರುಪು ಬಿಗಿ ಮಾಡಿದ. ಅವನ ತೋಳು ಅವಳ ಮೊಣಕಾಲಿಗೆ ಒಂದು ಸಲ ತಾಗಿತು. ತಲೆಯೆತ್ತಿ ಅವಳನ್ನೇ ನೋಡಿದ.

"ಕಾಲು ಸಿಗುತ್ತಾ?"

"ಸಿಗುತ್ತೆ."

"ಸರಿ ಹಾಗಾದ್ರೆ. ನಿನಗೆ ಸರಿ ಇದ್ರೆ ಸಾಕು," ಎಂದ. ಶನಿವಾರ ಬರುತ್ತೇನೆಂದು ಹೇಳಿ, ಮೇಜಿನ ಮೇಲಿದ್ದ ಅವಳ ಬಿಸ್ಕತ್ತು ಒಂದನ್ನು ಬಾಯಿಗೆ ಹಾಕಿಕೊಂಡು ಹೊರಟೇಹೋದ.

ಸಿಗ್ನೆ ಮಾತ್ರ ಬಹಳ ಹೊತ್ತು ಸೈಕಲ್ ಇಳಿಯಲಿಲ್ಲ.

ಐದು ಚಳಿಗಾಲ ಆಗಿತ್ತು ಅವನ ಪರಿಚಯವಾಗಿ. ಕಾಡಿನ ದಾರಿಗಳನ್ನೂ ಅಲ್ಲಲ್ಲಿರುವ ಮರದ ಮನೆಗಳನ್ನೂ ನೋಡಿಕೊಳ್ಳುವ ಕೆಲಸ ಅವನದು. ನವೆಂಬರ್ ಬಂತೆಂದರೆ ಅವನ ಟೈರು ಕೂರಿಸುವುದು ಅವಳೇ. ಭಾನುವಾರ ಇಬ್ಬರೂ ಹೆಪ್ಪುಗಟ್ಟಿದ ಚೇನಾ ನದಿಯ ಮೇಲೆ ಹತ್ತಾರು ಮೈಲಿ ತುಳಿದು ಬರುತ್ತಿದ್ದರು. ಒಬ್ಬರನ್ನೊಬ್ಬರು ಆಡಿಕೊಳ್ಳುವುದರಲ್ಲೇ ದಾರಿ ಸವೆಯುತ್ತಿತ್ತು. ಆಡಿಕೊಳ್ಳದೆ ಹೇಳಬೇಕಾದ ಮಾತೊಂದು ಅವಳ ಬಳಿ ಇತ್ತು. ನಾಲಿಗೆಯ ತುದಿಗೆ ಬಂದಾಗಲೆಲ್ಲ ಅದು ತಮಾಷೆಯಾಗಿ ಬಿಡುತ್ತಿತ್ತು. ಈ ವರ್ಷ ಅಕ್ಟೋಬರ್‌ನಿಂದ ಅವನು ಭಾನುವಾರ ಬರುವುದು ಕಡಿಮೆಯಾಗಿತ್ತು. ಕೇಳಿದರೆ ಕೆಲಸ ಜಾಸ್ತಿ ಎನ್ನುತ್ತಿದ್ದ.

ಈಗ ಅರ್ಥವಾಯಿತು ಅಂದುಕೊಂಡಳು. ದುಡ್ಡು ಕೂಡಿಸಲು ಹೆಚ್ಚು ಕೆಲಸ ಮಾಡುತ್ತಿದ್ದ. ಇದಕ್ಕಾಗಿ. ಮೂವತ್ತಾರು ವರ್ಷದ ಹೆಂಗಸು ಅಂಗಡಿಯ ಕಿಟಕಿಯಲ್ಲಿ ತನ್ನ ಮುಖ ನೋಡಿಕೊಂಡು ಕಿವಿಯವರೆಗೂ ಕೆಂಪಾದಳು.

ಮೂರು ದಿನ ಆ ಎರಡು ಚಕ್ರಗಳ ಮುಂದೆಯೇ ಕೂತಳು. ಬೇರೆಯವರದಾದರೆ ಒಂದು ಮಧ್ಯಾಹ್ನದ ಕೆಲಸ. ಟೈರು ಬಿಚ್ಚಿ, ಟ್ಯೂಬು ತೆಗೆದು, ರಿಮ್ಮಿನ ಸುತ್ತ ಟೇಪನ್ನು ಒಂದು ಸುಕ್ಕೂ ಬಾರದಂತೆ ಉಗುರಿನಿಂದ ಸವರಿ ಸವರಿ ಅಂಟಿಸಿದಳು. ಟೈರಿನ ಅಂಚಿಗೆ ಸೋಪಿನ ನೀರು ಹಚ್ಚಿ ಕಂಪ್ರೆಸರ್‌ನಿಂದ ಗಾಳಿ ನುಗ್ಗಿಸಿದಾಗ, ಅಂಚು ಪಟಾರ್ ಪಟಾರ್ ಎಂದು ರಿಮ್ಮಿಗೆ ಹೋಗಿ ಕೂತಿತು. ಪ್ರತಿ ಸಲ ಆ ಸದ್ದಿಗೆ ಬೆಚ್ಚುವವಳು ಈ ಸಲ ಗಟ್ಟಿಯಾಗಿ ನಕ್ಕಳು. ವಾಲ್ವಿನ ಮೂಲಕ ಸಣ್ಣ ತೂತುಗಳನ್ನು ಮುಚ್ಚುವ ಹಾಲಿನಂಥ ಸೀಲೆಂಟ್ ಸುರಿದು, ಅದು ಒಳಗೆಲ್ಲ ಹರಡಲಿ ಎಂದು ಚಕ್ರವನ್ನು ತಿರುಗಿಸಿ, ಮಗ್ಗುಲು ಬದಲಿಸಿ ಮಲಗಿಸಿದಳು. ಬೆಳಿಗ್ಗೆ ಬಂದ ತಕ್ಷಣ, ಕೋಟು ಕಳಚುವ ಮೊದಲೇ, ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಗಾಳಿ ಇಳಿದಿರಲಿಲ್ಲ.

ಶನಿವಾರ ಬ್ಲೂಬೆರಿ ಹಣ್ಣು ತುಂಬಿದ ಪೈ ಮಾಡಿ ತಂದಿದ್ದಳು. ತಲೆ ಬಾಚಿಕೊಂಡಿದ್ದಳು. ಎರಡು ಲೋಟಕ್ಕೆ ಕಾಫಿ ಬಗ್ಗಿಸುವಾಗ ಬಾಗಿಲು ತೆರೆಯಿತು.

ವೆಂಡೆಲ್ ಒಬ್ಬ ಹುಡುಗಿಯ ಕಣ್ಣನ್ನು ದಪ್ಪ ಗವಸು ಹಾಕಿದ ಕೈಯಿಂದ ಮುಚ್ಚಿ ನಡೆಸಿಕೊಂಡು ಬರುತ್ತಿದ್ದ. ಅವಳ ಮೈಮೇಲೆ ಒಂದರ ಮೇಲೊಂದು ಮೂರು ಸ್ವೆಟರ್, ತಲೆಯ ಮೇಲೆ ವೆಂಡೆಲ್‌ನ ಹಳೆಯ ಉಣ್ಣೆ ಟೋಪಿ. ಎತ್ತರ ಸಿಗ್ನೆಯಷ್ಟೇ.

"ಈಗ ನೋಡು," ಎಂದು ಕೈ ತೆಗೆದ.

ಹುಡುಗಿ ಕಿರುಚಿದಳು. ಮೊದಲು ಸೈಕಲ್ಲನ್ನು ತಬ್ಬಿಕೊಂಡಳು, ಆಮೇಲೆ ಅವನನ್ನು.

"ಸಿಗ್, ಇವಳು ಮಾರಿಸೋಲ್," ಎಂದ ವೆಂಡೆಲ್, ಅವಳ ತಲೆಯ ಮೇಲಿಂದ. ಅವನ ಮುಖ ದೀಪ ಹಚ್ಚಿಟ್ಟ ಹಾಗಿತ್ತು. "ಮಾರ್ಚ್ ಇಪ್ಪತ್ತೆರಡಕ್ಕೆ ಮದುವೆ ಆಗ್ತಿದ್ದೀವಿ. ರೇವನ್ ಹೊಳೆಯ ಮರದ ಮನೇಲಿ. ನಿನಗೇ ಮೊದಲು ಹೇಳ್ತಿರೋದು."

ಸಿಗ್ನೆಯ ಕೈಯಲ್ಲಿ ಕಾಫಿ ಪಾತ್ರೆ ಇತ್ತು. ಅವಳು ಅದನ್ನು ಕೆಳಗಿಡಲಿಲ್ಲ. ಕಪಾಟಿನಿಂದ ಮೂರನೆಯ ಲೋಟ ತೆಗೆದು ಅದಕ್ಕೂ ಕಾಫಿ ಬಗ್ಗಿಸಿದಳು.

"ಪೈ ಬೇರೆ ಮಾಡಿದ್ದೀಯ!" ಎಂದ ವೆಂಡೆಲ್. "ಗೊತ್ತಿತ್ತೇನೇ ನಿನಗೆ?"

"ಹೂಂ, ಕನಸು ಬಿದ್ದಿತ್ತು," ಎಂದಳು ಸಿಗ್ನೆ. ಮೂವರೂ ನಕ್ಕರು.

ಮಾರಿಸೋಲ್ ಅರಿಜೋನಾದ ಮರಳುಗಾಡಿನವಳು. ಇಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಅಕ್ಟೋಬರ್‌ನಲ್ಲಿ ವೆಂಡೆಲ್ ಮರದಿಂದ ಬಿದ್ದು ಪಕ್ಕೆಲುಬು ಬಿರುಕು ಬಿಟ್ಟಾಗ ಎಕ್ಸ್‌ರೇ ತೆಗೆದವಳು ಅವಳೇ. ಅವತ್ತು ಅವನನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದವಳು ಸಿಗ್ನೆ. ಪಾರ್ಕಿಂಗಿನಲ್ಲಿ ಎರಡು ಗಂಟೆ ಕಾದಿದ್ದಳು.

ಹುಡುಗಿ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ಕೆಟ್ಟವಳಾಗಿರಲಿಲ್ಲ. ಮದುವೆಗೆ ಸೈಕಲ್ ತುಳಿದುಕೊಂಡೇ ಹೋಗುತ್ತೇನೆಂದು ಹಟ ಹಿಡಿದು, ವಾರಕ್ಕೆರಡು ಮಧ್ಯಾಹ್ನ ಕಲಿಯಲು ಸಿಗ್ನೆಯ ಅಂಗಡಿಗೆ ಬರತೊಡಗಿದಳು. ಬರುವಾಗ ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಂಸ ಸುತ್ತಿ ಬೇಯಿಸಿದ ತಮಾಲೆ ತರುತ್ತಿದ್ದಳು. ಬಿದ್ದಾಗಲೆಲ್ಲ ಹಿಮದಲ್ಲಿ ಅಂಗಾತ ಮಲಗಿಕೊಂಡೇ ನಗುತ್ತಿದ್ದಳು.

"ಅಂಗಡಿ ಒಳಗೆ ಗಾಳಿ ಅಳೀಬೇಡ," ಎಂದು ಸಿಗ್ನೆ ಹೇಳಿಕೊಟ್ಟಳು. "ಬೆಚ್ಚಗಿರೋ ಕಡೆ ಅಳೆದದ್ದು ಚಳಿಗೆ ಹೋದ್ರೆ ಕುಗ್ಗುತ್ತೆ. ಸೈಕಲ್ಲನ್ನ ಒಂದು ಗಂಟೆ ಹೊರಗೆ ನಿಲ್ಸು, ಆಮೇಲೆ ಅಳಿ. ಗಟ್ಟಿ ದಾರಿಗೆ ಎಂಟು ಪೌಂಡ್. ಮೆತ್ತಗಿದ್ರೆ ನಾಲ್ಕು. ಮೊಣಕಾಲುದ್ದ ಹೊಸ ಹಿಮ ಬಿದ್ರೆ ಎರಡು."

"ಎರಡಾ? ಅದು ಪಂಕ್ಚರ್ ಆದ ಹಾಗಲ್ವಾ?"

"ಗಟ್ಟಿ ಟೈರು ಹಿಮ ಕೊರೆದು ಒಳಗೆ ಇಳಿಯುತ್ತೆ. ಮೆತ್ತಗಿರೋದು ಅಗಲವಾಗಿ ಹರಡ್ಕೊಂಡು ಮೇಲೇ ತೇಲುತ್ತೆ. ಸೀಟಿನ ಮೇಲೆ ಕೂತಾಗ ಟೈರಿನ ಪಕ್ಕೇಲಿ ಸುಕ್ಕು ಬರ್ಬೇಕು. ನೋಡು, ಹೀಗೆ."

"ನಮ್ಮಜ್ಜಿ ಕೆನ್ನೆ ಹಾಗೆ," ಎಂದಳು ಮಾರಿಸೋಲ್. ಸಿಗ್ನೆಗೆ ನಗು ತಡೆಯಲಾಗಲಿಲ್ಲ.

ಆಗಲೇ ಹುಡುಗಿ ತಲೆ ತಗ್ಗಿಸಿ ಕೇಳಿದಳು. "ವೆಂಡೆಲ್ ಬಾಯಲ್ಲಿ ಯಾವಾಗ್ಲೂ ನಿನ್ನ ಮಾತೇ. ಮೊದಮೊದಲು ನನಗೆ ಹೊಟ್ಟೆಕಿಚ್ಚಾಗ್ತಿತ್ತು. ಬೇಜಾರ್ ಮಾಡ್ಕೋಬೇಡ... ನೀವಿಬ್ರೂ ಯಾವತ್ತಾದ್ರೂ...?"

"ಇಲ್ಲ," ಎಂದಳು ಸಿಗ್ನೆ. "ಯಾವತ್ತೂ ಇಲ್ಲ."

ಅದು ನಿಜವೇ. ಸಿಗ್ನೆ ಟೈರಿನ ಸುಕ್ಕನ್ನು ಇನ್ನೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿದಳು.

ಮದುವೆಗೆ ಮುಂಚಿನ ಎರಡು ದಿನ ಹಿಮ ಬಿಡದೆ ಸುರಿಯಿತು. ವೆಂಡೆಲ್ ಮತ್ತು ಏಳೆಂಟು ಜನ ನೆಂಟರು, ಗೆಳೆಯರು ಮೊದಲೇ ಹಿಮದ ಮೇಲೆ ಓಡುವ ಸ್ನೋಮಷೀನ್ ಹತ್ತಿ ಹೋಗಿ, ರೇವನ್ ಹೊಳೆಯ ಮನೆಯನ್ನು ಬೆಚ್ಚಗೆ ಮಾಡಿಟ್ಟುಕೊಂಡು ಕೂತಿದ್ದರು. ಅವರು ಹೋದ ದಾರಿಯ ಗುರುತೂ ಮುಚ್ಚಿ ಹೋಗಿತ್ತು. ಹದಿನೆಂಟು ಮೈಲಿ. ಇಪ್ಪತ್ತೆರಡರ ಬೆಳಿಗ್ಗೆ ಮಳೆಬಿಲ್ಲೇ ಪುಡಿಯಾಗಿ ಬಿದ್ದ ಹಾಗೆ ಹಿಮ ಮಿನುಗುತ್ತಿತ್ತು.

"ಯಾರಾದ್ರೂ ಮಷೀನ್ ತಂದು ನಿನ್ನ ಕರ್ಕೊಂಡು ಹೋಗ್ತಾರೆ, ಕಾಯೋಣ," ಎಂದಳು ಸಿಗ್ನೆ.

"ತುಳ್ಕೊಂಡು ಬರ್ತೀನಿ ಅಂತ ಅವನಿಗೆ ಮಾತು ಕೊಟ್ಟಿದ್ದೀನಿ. ನೀನು ಜೊತೇಲಿ ಇದ್ದೀಯಲ್ಲ."

ಸಿಗ್ನೆ ನಾಲ್ಕೂ ಟೈರುಗಳನ್ನು ಎರಡು ಪೌಂಡಿಗೆ ಇಳಿಸಿದಳು. ಹೊರಟರು. ಗಂಟೆಗೆ ಮೂರು ಮೈಲಿ. ಮುಂದೆ ಸಿಗ್ನೆ, ಅವಳ ಜಾಡಿನಲ್ಲೇ ಮಾರಿಸೋಲ್. ಮದುವೆಯ ಬಟ್ಟೆ ಹುಡುಗಿಯ ಬೆನ್ನುಚೀಲದಲ್ಲಿತ್ತು.

ಹನ್ನೆರಡನೆಯ ಮೈಲಿಯ ಹತ್ತಿರ ಹಿಂದಿನಿಂದ ಕೂಗು ಕೇಳಿಸಿತು. ಹಿಮದಡಿ ಹುದುಗಿದ್ದ ಮರದ ಮೋಟಿಗೆ ಮಾರಿಸೋಲ್‌ಳ ಹಿಂದಿನ ಚಕ್ರ ಓರೆಯಾಗಿ ಬಡಿದಿತ್ತು. ಅಷ್ಟು ಕಡಿಮೆ ಗಾಳಿಯಲ್ಲಿ ಟೈರಿನ ಅಂಚು ರಿಮ್ಮಿನಿಂದ ಹಾರಿ, ಒಳಗಿದ್ದ ಗಾಳಿಯೆಲ್ಲ ಒಂದೇ ಉಸಿರಿಗೆ ಹೋಗಿ, ಸೀಲೆಂಟ್ ಹಿಮದ ಮೇಲೆ ಚೆಲ್ಲಿತ್ತು. ಕೈಪಂಪಿನಿಂದ ಆ ಅಂಚು ಮತ್ತೆ ಕೂರುವುದಿಲ್ಲ. ಚೀಲದಲ್ಲಿದ್ದ ಟ್ಯೂಬು ಹಾಕಬೇಕು. ಅದಕ್ಕೆ ವಾಲ್ವಿನ ಸಣ್ಣ ನಟ್ಟು ಬಿಚ್ಚಬೇಕು. ಅದು ಹೆಪ್ಪುಗಟ್ಟಿ ಕೂತಿತ್ತು, ಗವಸು ಹಾಕಿಕೊಂಡು ಹಿಡಿಯಲು ಸಿಗುತ್ತಿರಲಿಲ್ಲ.

ಸಿಗ್ನೆ ಹಿಮದಲ್ಲಿ ಮೊಣಕಾಲೂರಿ ಆ ಚಕ್ರವನ್ನೇ ನೋಡುತ್ತ ಕೂತಳು. ಆಗುವುದಿಲ್ಲ ಅಂದುಬಿಟ್ಟರೆ? ಆರು ಮೈಲಿ ಈ ಹಿಮದಲ್ಲಿ ನಡೆದು ಹೋಗುವಷ್ಟರಲ್ಲಿ ಕತ್ತಲಾಗುತ್ತದೆ. ಇವತ್ತಿನ ಮದುವೆ ಇವತ್ತು ಆಗುವುದಿಲ್ಲ. ಒಂದು ದಿನ. ಒಂದೇ ಒಂದು ದಿನ ಅವನು ಇನ್ನೂ ಯಾರವನೂ ಆಗಿರುವುದಿಲ್ಲ.

"ಆಗಲ್ಲ ಅಂದ್ರೆ ಬಿಡು ಸಿಗ್ನೆ, ನಡ್ಕೊಂಡು ಹೋಗೋಣ," ಎಂದಳು ಮಾರಿಸೋಲ್. ಅವಳ ತುಟಿ ಆಗಲೇ ನೀಲಿಯಾಗಿತ್ತು.

"ನನ್ನ ಸೈಕಲ್ ತಗೊಂಡು ನೀನು ಹೋಗಿರು."

"ನಿನ್ನೊಬ್ಬಳನ್ನೇ ಬಿಟ್ಟಾ? ಹುಚ್ಚಾ ನಿನಗೆ? ಅಂಥ ಮದುವೆ ನನಗೆ ಬೇಡ."

ಸಿಗ್ನೆಗೆ ತನ್ನ ಯೋಚನೆಗೆ ತಾನೇ ನಾಚಿಕೆಯಾಯಿತು. ಗವಸು ಕಿತ್ತು ಹಲ್ಲಿನಲ್ಲಿ ಕಚ್ಚಿಕೊಂಡಳು. ಬರಿಗೈಯಲ್ಲಿ ನಟ್ಟು ತಿರುಗಿಸಿದಳು. ಒದ್ದೆ ಸೀಲೆಂಟ್ ಬೆರಳಿಗೆಲ್ಲ ಹತ್ತಿ ಅಲ್ಲೇ ಹೆಪ್ಪುಗಟ್ಟಿತು. ಟೈರು ಬಿಡಿಸಿ, ಟ್ಯೂಬು ಸೇರಿಸಿ, ಇಂಚಿಂಚೇ ಅಂಚನ್ನು ಒಳಗೆ ಒತ್ತಿದಳು. ಮಾರಿಸೋಲ್ ಗಾಳಿ ಹಾಕಿದಳು. ಇಪ್ಪತ್ತೈದು ನಿಮಿಷ ಹಿಡಿಯಿತು. ಕೊನೆಗೆ ಗವಸು ಹಾಕಿಕೊಳ್ಳುವಾಗ ಸಿಗ್ನೆಯ ಹತ್ತೂ ಬೆರಳು ಮೇಣದಬತ್ತಿಯ ಹಾಗೆ ಬೆಳ್ಳಗಿದ್ದವು. ಅವಳು ಹುಡುಗಿಗೆ ತೋರಿಸಲಿಲ್ಲ.

ಮೂರು ಗಂಟೆಗೆ ಮನೆಯ ಹೊಗೆ ಕಂಡಿತು. ಹೆಂಗಸರು ಓಡಿಬಂದು ಮಾರಿಸೋಲ್‌ಳನ್ನು ಒಳಗೆ ಕರೆದುಕೊಂಡು ಹೋದರು. ಜಗಲಿಯ ಮೇಲೆ ಸಿಗ್ನೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲಾಗದೆ ಒದ್ದಾಡುತ್ತಿದ್ದಳು. ವೆಂಡೆಲ್ ನೋಡಿದ. ಏನೂ ಕೇಳದೆ ಅವಳ ಗವಸು ಎಳೆದ.

"ಅಯ್ಯೋ, ಏನೇ ಇದು!"

"ಒಲೆ ಹತ್ರ ಹೋದ್ರೆ ಸರಿ ಹೋಗುತ್ತೆ."

"ಒಲೆ ಹತ್ರ ಹಿಡಿದ್ರೆ ಚರ್ಮ ಹೋಗುತ್ತೆ. ಗೊತ್ತಿಲ್ವಾ ನಿನಗೆ?" ಮದುವೆಗೆಂದು ಹಾಕಿದ್ದ ಕೋಟಿನ ಗುಂಡಿ ಬಿಚ್ಚಿ, ಅವಳ ಎರಡೂ ಕೈಯನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ತೋಳು ಬಿಗಿದ.

ಇಬ್ಬರೂ ಎದುರುಬದುರು ನಿಂತರು. ಅವಳ ಹಣೆಯ ಹತ್ತಿರ ಅವನ ಗಲ್ಲ. ಕ್ಷೌರ ಮಾಡಿಕೊಂಡಿದ್ದ, ಸೋಪಿನ ವಾಸನೆ ಬರುತ್ತಿತ್ತು. ಅವನ ಎದೆಬಡಿತ ಅವಳ ಬೆರಳಿಗೆ ತಿಳಿಯಲಿಲ್ಲ, ಅವು ಮರಗಟ್ಟಿದ್ದವು. ಮಣಿಕಟ್ಟಿಗೆ ತಿಳಿಯಿತು.

"ನೋವಾಗ್ತಿದೆಯಾ?"

"ಇಲ್ಲ."

"ಆಗ್ಬೇಕು. ಆದ್ರೇನೇ ಬೆರಳು ಬದುಕಿದೆ ಅಂತ."

ಒಳಗಿನಿಂದ ಹೆಂಗಸರ ನಗು ಕೇಳಿಸುತ್ತಿತ್ತು. ಸಿಗ್ನೆ ಅವನ ಕೋಟಿನ ಗುಂಡಿಯನ್ನು ನೋಡುತ್ತ ಹೇಳಿದಳು. "ಆ ನೀಲಿ ಸೈಕಲ್ಲು ನನಗೇ ಅಂತ ಅಂದ್ಕೊಂಡಿದ್ದೆ ವೆಂಡೆಲ್."

ಅವನ ತೋಳು ಸಡಿಲವಾಯಿತು, ಮತ್ತೆ ಬಿಗಿಯಾಯಿತು.

"ಮೂರು ದಿನ," ಎಂದಳು. "ಮೂರು ದಿನ ಅದು ನಂದೇ ಆಗಿತ್ತು. ಪೈ ಮಾಡಿದ್ದು ಅದಕ್ಕೇ."

ಅವನು ತಗ್ಗಿದ ದನಿಯಲ್ಲಿ, "ಎರಡು ವರ್ಷದ ಹಿಂದೆ ನದಿ ಮೇಲೆ ನಿನ್ನ ಕೇಳಿದ್ದೆ," ಎಂದ. "ನಿನ್ನ ಮನೆ ಸೂರು ಸೋರುತ್ತೆ, ನಮ್ಮನೇಲಿ ಜಾಗ ಇದೆ, ಬಂದುಬಿಡು ಅಂತ."

"ಅದು ಸೂರಿನ ಮಾತು ಅಂದ್ಕೊಂಡೆ ಕಣೋ!"

"ಬಾಡಿಗೆ ಎಷ್ಟಪ್ಪ ಅಂತ ಕೇಳಿ ನಕ್ಕೆ ನೀನು. ನಾನೂ ನಕ್ಕೆ. ಮನೆಗೆ ಹೋಗಿ ಒಂದು ವಾರ ಯಾರ ಹತ್ರಾನೂ ಮಾತಾಡ್ಲಿಲ್ಲ."

"ಇನ್ನೊಂದ್ಸಲ ಕೇಳ್ಬಾರದಿತ್ತಾ?"

"ನೀನು ಒಂದ್ಸಲ ಹೇಳ್ಬಾರದಿತ್ತಾ ಸಿಗ್?"

ಅದೇ ಹೊತ್ತಿಗೆ ಬೆರಳಿಗೆ ರಕ್ತ ಹರಿಯಿತು. ಒಂದೊಂದು ಉಗುರಿನ ಕೆಳಗೂ ಸೂಜಿ ಚುಚ್ಚಿದ ಹಾಗೆ, ಕಾದ ಎಣ್ಣೆ ಸುರಿದ ಹಾಗೆ ಉರಿ ಹತ್ತಿತು. ಅವಳು ಹಲ್ಲು ಕಚ್ಚಿದರೂ ಕಣ್ಣೀರು ನಿಲ್ಲಲಿಲ್ಲ. ಅವನ ಕಣ್ಣೂ ತುಂಬಿತ್ತು. ಅವನ ಕೈಗೇನೂ ಆಗಿರಲಿಲ್ಲ.

"ಅವಳನ್ನ ಪ್ರೀತಿಸ್ತೀಯಾ?" ಎಂದು ಕೇಳಿದಳು.

"ಪ್ರೀತಿಸ್ತೀನಿ. ನಿನ್ನ ಹತ್ರ ಸುಳ್ಳು ಹೇಳಲ್ಲ."

"ಸರಿ ಹಾಗಾದ್ರೆ." ಅವಳೇ ಕೈ ಎಳೆದುಕೊಂಡಳು. ಕೆಂಪಗೆ ಊದಿದ ಬೆರಳುಗಳಿಂದ ಅವನ ಕೋಟಿನ ಗುಂಡಿ ಹಾಕಲು ಹೋದಳು, ಆಗಲಿಲ್ಲ. "ನೀನೇ ಹಾಕ್ಕೋ. ಒಳಗೆ ಹೋಗು. ಚಳೀಲಿ ಬಂದ ಹುಡುಗಿನ ಕಾಯಿಸ್ಬೇಡ."

ಮದುವೆ ಮಾಡಿಸಿದವರು ಆಗ್ನೆಸ್ ಆಂಟಿ. ಹೊಳೆಯಾಚೆಯ ಹಳ್ಳಿಯ ಎಪ್ಪತ್ತು ದಾಟಿದ ಮುದುಕಿ. ಹಿಂದಿನ ದಿನವೇ ಒಂಬತ್ತು ನಾಯಿಗಳು ಎಳೆಯುವ ಜಾರುಬಂಡಿ ಕಟ್ಟಿಕೊಂಡು ಬಂದಿದ್ದರು. ಮಾರಿಸೋಲ್ ಹಳದಿ ಬಟ್ಟೆಯುಟ್ಟು, ಕಾಲಿಗೆ ಹಿಮದ ಬೂಟು ಹಾಕಿಕೊಂಡೇ ನಿಂತಳು. ವೆಂಡೆಲ್ ಮಾತು ಕೊಡುವಾಗ ಒಂದು ಸಲ ದನಿ ಕಟ್ಟಿತು. ಮಾರಿಸೋಲ್ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಅವನು ಅವಳ ಮುಖ ನೋಡಿಕೊಂಡೇ ಉಳಿದದ್ದನ್ನು ಹೇಳಿ ಮುಗಿಸಿದ.

ಕಾಗದಕ್ಕೆ ಇಬ್ಬರು ಸಾಕ್ಷಿಗಳು ಬೇಕಿತ್ತು. ಒಬ್ಬ ವೆಂಡೆಲ್‌ನ ಅಣ್ಣ. ಇನ್ನೊಬ್ಬರು ಯಾರು ಎಂದಾಗ ಮಾರಿಸೋಲ್, "ಸಿಗ್ನೆ," ಎಂದಳು. "ಅವಳಿಲ್ಲದಿದ್ರೆ ನಾನು ಇನ್ನೂ ಹಿಮದಲ್ಲೇ ಇರ್ತಿದ್ದೆ."

"ಪೆನ್ನು ಹಿಡಿಯೋಕಾಗುತ್ತಾ ಮಗಳೇ?" ಎಂದು ಆಗ್ನೆಸ್ ಆಂಟಿ ಅವಳ ಬೆರಳನ್ನೂ ಮುಖವನ್ನೂ ನೋಡಿ ಕೇಳಿದರು.

"ಆಗುತ್ತೆ ಆಂಟಿ."

ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಒಂದೊಂದೇ ಅಕ್ಷರ ಬರೆದಳು. ಕೋಣೆಯಲ್ಲಿ ಎಲ್ಲರೂ ಕಾದರು.

ಮರುದಿನ ಬೆಳಿಗ್ಗೆ ಎಲ್ಲರೂ ಇನ್ನೂ ಮಲಗಿರುವಾಗಲೇ ಸಿಗ್ನೆ ಹೊರಟಳು. ವೆಂಡೆಲ್ ಒಬ್ಬನೇ ಎದ್ದು ಹೊರಗೆ ಬಂದ.

"ಮುಂದಿನ ಚಳಿಗಾಲಕ್ಕೆ ಟೈರು ನೀವೇ ಕೂರಿಸ್ಕೊಳ್ಳಿ," ಎಂದಳು. "ಮಾರಿಸೋಲ್‌ಗೆ ಎಲ್ಲ ಬರುತ್ತೆ. ಚೆನ್ನಾಗಿ ಕಲಿತಿದ್ದಾಳೆ."

"ಭಾನುವಾರ?"

"ಬೇಡ ವೆಂಡೆಲ್."

ಅವನು ತಲೆಯಾಡಿಸಿದ. ಏನೋ ಹೇಳಲು ಬಾಯಿ ತೆರೆದ. ಈ ಸಲ ಅವಳು ತಮಾಷೆ ಮಾಡಲಿಲ್ಲ, ಕಾದಳು. ಅವನು ಹೇಳಲಿಲ್ಲ. ಅವಳು ಸೈಕಲ್ ಹತ್ತಿದಳು.

ಎರಡು ಮೈಲಿ ತಡೆದುಕೊಂಡಳು. ಹೊಳೆಯ ತಿರುವು ದಾಟಿ, ಮನೆಯ ಹೊಗೆಯೂ ಕಾಣದಂತಾದ ಮೇಲೆ ಸೈಕಲ್ಲನ್ನು ಹಿಮಕ್ಕೆ ಕೆಡವಿ, ಪಕ್ಕದಲ್ಲೇ ಕೂತು ಅತ್ತಳು. ಸುತ್ತ ಕೇಳುವವರು ಯಾರೂ ಇಲ್ಲವೆಂದು ಗಟ್ಟಿಯಾಗಿಯೇ ಅತ್ತಳು. ಕೇಳಿದವರು ಒಬ್ಬರಿದ್ದರು. ಪೇಟೆಯಲ್ಲಿ ಕೆಲಸವಿದೆಯೆಂದು ಬೇಗ ಹೊರಟಿದ್ದ ಆಗ್ನೆಸ್ ಆಂಟಿಯ ನಾಯಿಬಂಡಿ ಹಿಂದಿನಿಂದ ಬಂದು ನಿಂತಿತು.

ಆಂಟಿ ಕೋಟಿನ ಜೇಬಿನಿಂದ ಹೊಗೆಗೆ ಒಣಗಿಸಿದ ಸಾಲ್ಮನ್ ಮೀನಿನ ತುಂಡು ತೆಗೆದು ಅವಳ ಊದಿದ ಕೈಯಲ್ಲಿ ಇಟ್ಟರು.

"ತಿನ್ನು. ಅಳೋಕೂ ಶಕ್ತಿ ಬೇಕು."

ಸಿಗ್ನೆ ಅಳುತ್ತಲೇ ಕಚ್ಚಿದಳು. ಉಪ್ಪುಪ್ಪಾಗಿತ್ತು. ಬಿಕ್ಕಳಿಕೆಯ ನಡುವೆ ನಗುವಿನಂಥದ್ದೇನೋ ಬಂತು. ನಾಯಿಗಳು ನಿಲ್ಲಲಾರದೆ ಹಗ್ಗ ಜಗ್ಗುತ್ತಿದ್ದವು.

"ಸೈಕಲ್ಲನ್ನ ಮೇಲೆ ಕಟ್ಟೋಣ. ನನ್ನ ಜೊತೆ ಬಂದುಬಿಡು," ಎಂದರು ಆಂಟಿ.

"ನೀವು ಮುಂದೆ ಹೋಗಿರಿ ಆಂಟಿ," ಎಂದಳು ಸಿಗ್ನೆ, ತೋಳಿನಿಂದ ಮೂಗು ಒರೆಸಿಕೊಂಡು. "ಇನ್ನೊಂದು ಸ್ವಲ್ಪ ಅತ್ತು ಬರ್ತೀನಿ."

ಆಗ್ನೆಸ್ ಆಂಟಿ ಇನ್ನೊಂದು ತುಂಡು ಮೀನು ಅವಳ ಮಡಿಲಿಗೆ ಹಾಕಿ, ನಾಯಿಗಳನ್ನು ಹೊರಡಿಸಿದರು.